ಐದು ವಿಕೆಟ್ ಮತ್ತು 365 ವಿಕೆಟ್

ತೂಬಗೆರೆಯಂಥ ಊರಲ್ಲಿ ಚೆಂಡು ಹಿಡಿದು ಓಡಿಬರುವ ಹುಡುಗರಿಗೆ ಬುಮ್ರಾ ಗೊತ್ತು. ಅವರಿಗೆ ಕರ್ನಾಟಕದ ವೇಗಿ ದೊಡ್ಡ ಗಣೇಶ್ ಅವರ ಕಥೆಯನ್ನೂ ಹೇಳಬೇಕು. 1997ರ ಜನವರಿಯಲ್ಲಿ ಕೇಪ್‌ಟೌನ್‌ನಲ್ಲಿ ಟೆಸ್ಟ್ ಕ್ಯಾಪ್ ಸಿಕ್ಕಿತು. ಅದೇ ವರ್ಷ ನಾಲ್ಕು ಟೆಸ್ಟ್, ಐದು ವಿಕೆಟ್, ಒಂದು ಏಕದಿನ ಪಂದ್ಯಕ್ಕೆ ಭಾರತ ತಂಡದ ಬಾಗಿಲು ಮುಚ್ಚಿತು. ಆಗ ಅವರಿಗಿನ್ನೂ 23 ವರ್ಷ. ಆ ಐದರಲ್ಲೇ ಅವರನ್ನು ಅಳೆಯುವುದು ಅನ್ಯಾಯ. ಶ್ರೀನಾಥ್, ವೆಂಕಟೇಶ್ ಪ್ರಸಾದ್ ದೇಶಕ್ಕಾಗಿ ಆಡಲು ಹೋದಾಗ ಕರ್ನಾಟಕದ ದಾಳಿಯ ಭಾರ ಹೊತ್ತವರು ಇವರು. ರಣಜಿಯ ಸಪಾಟು ಪಿಚ್‌ಗಳಲ್ಲಿ, ಖಾಲಿ ಗ್ಯಾಲರಿಗಳ ಎದುರು, ಬಿಸಿಲಲ್ಲಿ ಓವರ್ ಮೇಲೆ ಓವರ್ ಎಸೆದು ಪ್ರಥಮ ದರ್ಜೆಯಲ್ಲಿ 365 ವಿಕೆಟ್ ತೆಗೆದರು. 1998-99ರ ರಣಜಿ ಟ್ರೋಫಿ ಗೆಲುವಿನಲ್ಲಿ ಅವರ ಬೆವರಿನ ಪಾಲು ದೊಡ್ಡದು. 2024ರಲ್ಲಿ ಕೀನ್ಯಾ ತಂಡಕ್ಕೆ ಕೋಚ್ ಆದರು. ಕೆಲವೇ ವಾರಗಳಲ್ಲಿ ಆ ಹುದ್ದೆಯೂ ಕೈತಪ್ಪಿತು.