ಚರಕದ ಮನೆಗೂ ತಲುಪಲಿ ಸಂಶೋಧನೆ

ಸಂಶೋಧನಾ ಸಂಸ್ಥೆ ಎಂದೊಡನೆ ನಮ್ಮಂಥ ವಿದ್ಯಾರ್ಥಿಗಳ ಬಾಯಿಗೆ ಬರುವುದು ಇಸ್ರೊ ಅಥವಾ ಐಐಎಸ್‌ಸಿ. ಆದರೆ ಚಿಕ್ಕಬಳ್ಳಾಪುರ ಜಿಲ್ಲೆಯ ಎಷ್ಟೋ ಮನೆಗಳ ಅನ್ನದಲ್ಲಿ ಪಾಲಿರುವ ಎರಡು ಸಂಸ್ಥೆಗಳ ಹೆಸರನ್ನು ನಾವು ಹೇಳುವುದೇ ಕಡಿಮೆ. ಒಂದು, ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆ. ಇನ್ನೊಂದು, 1983ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕೇಂದ್ರೀಯ ರೇಷ್ಮೆ ತಾಂತ್ರಿಕ ಸಂಶೋಧನಾ ಸಂಸ್ಥೆ. ಎರಡೂ 2024ರಲ್ಲಿ ಅಮೃತ ಮಹೋತ್ಸವ ಆಚರಿಸಿದ ಕೇಂದ್ರ ರೇಷ್ಮೆ ಮಂಡಳಿಗೆ ಸೇರಿದವು.

ಮೈಸೂರಿನ ಸಂಸ್ಥೆಯ ಕೆಲಸ ರೈತರ ಮನೆಯವರೆಗೂ ಬಂದಿದೆ. 1997ರಲ್ಲಿ ಅದು ಬಿಡುಗಡೆ ಮಾಡಿದ ವಿ-1 ಹಿಪ್ಪುನೇರಳೆ ತಳಿ ಹೆಚ್ಚು ಸೊಪ್ಪು ಕೊಟ್ಟು ತೋಟಗಳ ಲೆಕ್ಕಾಚಾರವನ್ನೇ ಬದಲಿಸಿತು. ಹುಳುಮನೆಯಲ್ಲಿ ರೋಗ ತಡೆಯಲು ಉದುರಿಸುವ ‘ವಿಜೇತ’ ಪುಡಿಯೂ ಅಲ್ಲಿಯದೇ. 1991ರಿಂದ ಜಪಾನಿನ ಜೈಕಾ ಸಹಕಾರದಲ್ಲಿ ನಡೆದ ಯೋಜನೆ ನಮ್ಮ ಹವೆಗೆ ಒಗ್ಗುವ ದ್ವಿತಳಿ ಹುಳುಗಳನ್ನು ಕೊಟ್ಟಿತು.

ಆದರೆ ಗೂಡು ನೂಲಾಗುವ ಹಂತದ ಕಥೆ ಬೇರೆ. ಶಿಡ್ಲಘಟ್ಟದಲ್ಲಿ ಬಿಚ್ಚಾಣಿಕೆಯೇ ದೊಡ್ಡ ಉದ್ಯೋಗ. ಚರಕದಲ್ಲಿ ನೂಲು ತೆಗೆಯುವವರು ಬಿಸಿನೀರಿನಲ್ಲಿ ಕೈ ಆಡಿಸುತ್ತಾ, ಕಣ್ಣಳತೆಯಲ್ಲೇ ಗೂಡು ಸೇರಿಸುತ್ತಾರೆ. ಗೂಡಿನ ಎಳೆ ಕೊನೆಯತ್ತ ತೆಳುವಾಗುವುದರಿಂದ ನೂಲು ಒಂದೇ ಸಮ ಬರುವುದು ಕಷ್ಟ. ಮಗ್ಗದ ಹಾಸಿಗೆ ಬೇಕಾದ ಗಟ್ಟಿ, ಸಮ ನೂಲಿಗಾಗಿ ದೇಶ ಇಂದಿಗೂ ಚೀನಾ ರೇಷ್ಮೆ ತರಿಸಿಕೊಳ್ಳುತ್ತಿದೆ.

ಸ್ವಯಂಚಾಲಿತ ಬಿಚ್ಚಾಣಿಕೆ ಯಂತ್ರ ಈ ಕಣ್ಣಳತೆಯ ಕೆಲಸವನ್ನು ತಾನೇ ಮಾಡುತ್ತದೆ. ನೂಲು ಕಿರಿದಾದ ಸಂದಿಯೊಂದರ ಮೂಲಕ ಹಾಯುವಾಗ ಉಂಟಾಗುವ ಎಳೆತದಿಂದ ಅದರ ದಪ್ಪ ಗೊತ್ತಾಗುತ್ತದೆ. ತೆಳುವಾದೊಡನೆ ಯಂತ್ರ ಹೊಸ ಗೂಡು ಸೇರಿಸುತ್ತದೆ. ನಾವು ತರಗತಿಯಲ್ಲಿ ಓದುವ ಫೀಡ್‌ಬ್ಯಾಕ್ ಕಂಟ್ರೋಲ್ ಎಂದರೆ ಇದೇ. ಚೀನಾದಿಂದ ಬರುತ್ತಿದ್ದ ಇಂಥ ಯಂತ್ರವನ್ನು ಇಲ್ಲೇ ತಯಾರಿಸಲು ಬೆಂಗಳೂರಿನ ಸಂಸ್ಥೆ ಶ್ರಮಿಸಿದೆ. ನೂಲಿನ ದರ್ಜೆ ಏರುತ್ತದೆ, ಕೂಲಿಯವರ ಕೈ ಬೇಯುವುದು ತಪ್ಪುತ್ತದೆ.

ಹಾಗಿದ್ದೂ ಚರಕ ಯಾಕೆ ಉಳಿದಿದೆ? ದೊಡ್ಡ ಯಂತ್ರಕ್ಕೆ ಭಾರೀ ಬಂಡವಾಳ ಬೇಕು, ದಿನವೂ ರಾಶಿಗಟ್ಟಲೆ ಏಕರೂಪದ ದ್ವಿತಳಿ ಗೂಡು ಬೇಕು. ಸಾಲ ತಂದು ಮಾರುಕಟ್ಟೆಯಲ್ಲಿ ಒಂದೆರಡು ಲಾಟು ಗೂಡು ಕೊಳ್ಳುವ ಸಣ್ಣ ರೀಲರ್‌ಗೆ ಸಹಾಯಧನ ಕೊಟ್ಟರೂ ಅದು ಎಟುಕುವುದಿಲ್ಲ. ಎಲ್ಲರೂ ದೊಡ್ಡ ಯಂತ್ರಕ್ಕೇ ಹೋಗಬೇಕೆಂದರೆ ಸಣ್ಣವರು ಬಾಗಿಲು ಮುಚ್ಚಬೇಕಾಗುತ್ತದೆ, ಅವರನ್ನು ನಂಬಿದ ಹೆಣ್ಣುಮಕ್ಕಳ ಕೂಲಿಯೂ ಹೋಗುತ್ತದೆ. ಆದ್ದರಿಂದ ಸಂಶೋಧನೆಯ ಲಾಭವನ್ನು ಅಳೆಯುವಾಗ ಎಷ್ಟು ಯಂತ್ರ ನಿಂತವು ಎಂಬುದರ ಜೊತೆಗೆ, ಎಷ್ಟು ಸಣ್ಣ ಘಟಕಗಳು ಉಳಿದು ಮೇಲೇರಿದವು ಎಂದೂ ಕೇಳಬೇಕು ಎನ್ನುವುದು ನನ್ನ ಅಭಿಪ್ರಾಯ.

ಇಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕೆಲಸವಿದೆ. ಸಣ್ಣ ಬೇಸಿನ್‌ಗೆ ಜೋಡಿಸಬಹುದಾದ, ನೂಲು ತೆಳುವಾದರೆ ದೀಪ ಹೊತ್ತಿಸಿ ಎಚ್ಚರಿಸುವ ಅಗ್ಗದ ಸೆನ್ಸರ್, ಸೌದೆ ಉಳಿಸುವ ಒಲೆ, ಗೂಡು ಬೇಯಿಸಿದ ನೀರಿನ ಶುದ್ಧೀಕರಣ. ಇವೆಲ್ಲ ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ತಕ್ಕ ಸಮಸ್ಯೆಗಳೇ. ಅಂಗಡಿಯಿಂದ ಕಿಟ್ ತಂದು ವರದಿ ಬರೆಯುವ ಬದಲು, ಕಾಲೇಜುಗಳು ಸಂಸ್ಥೆಯ ವಿಜ್ಞಾನಿಗಳನ್ನೂ ಶಿಡ್ಲಘಟ್ಟದ ರೀಲರ್‌ಗಳನ್ನೂ ಒಂದೆಡೆ ಕೂರಿಸಿ ಕೇಳಲಿ. ಚಿಂತಾಮಣಿ ಬಳಿಯ ಕುರುಬೂರಿನಲ್ಲಿ ರೇಷ್ಮೆ ಕೃಷಿ ಕಾಲೇಜೂ ಇದೆ. ಸರ್ ಎಂ. ವಿಶ್ವೇಶ್ವರಯ್ಯ ಹುಟ್ಟಿದ ಜಿಲ್ಲೆಯವರು ನಾವು. ಕೆಲಸ ಹುಡುಕುತ್ತಾ ಬೆಂಗಳೂರಿನ ಬಸ್ ಹತ್ತುವ ಮುನ್ನ ಒಮ್ಮೆ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೂ ಹೋಗಿಬರೋಣ.