ಹುಳಿಯ ತಪ್ಪು ಯಾರದು?

ನಮ್ಮ ಸಾಫ್ಟ್‌ವೇರ್ ಮಂದಿಗೆ ಒಂದು ರೋಗ ಇದೆ, ಕಂಡದ್ದೆಲ್ಲ ಕೋಡ್. ಡಿಎನ್‌ಎ ಕೂಡ ಕೋಡೇ, ಬೇಡದ ಸಾಲು ಅಳಿಸಿದರೆ ಆಯ್ತು ಅಂತ ಊಟದ ಹೊತ್ತಿನಲ್ಲೇ ತೀರ್ಪು ಕೊಡ್ತೀವಿ. ಬಟ್ಟೆ ಸೋಪಿನ ಪುಡಿಗೆ ಹಾಕುವ ಎಂಜೈಮಿನ ಮಾತು ಬಂದಾಗಲೂ ಹಂಗೇ ಆಯ್ತು: "ಬ್ಯಾಕ್ಟೀರಿಯಾ ಬೇಡದ್ದು ಮಾಡುತ್ತಾ? ಆ ಜೀನ್ ಕಿತ್ತು ಹಾಕಿ." ಇದಕ್ಕೆ ನನ್ನ ತಕರಾರಿದೆ.

ಆ ಎಂಜೈಮ್ ಮಾಡೋದು ಬ್ಯಾಸಿಲಸ್ ಅನ್ನೋ ಮಣ್ಣಿನ ಬ್ಯಾಕ್ಟೀರಿಯಾ. ಅದನ್ನು ಸ್ಟೀಲ್ ಟ್ಯಾಂಕಿನಲ್ಲಿ ಸಕ್ಕರೆ, ಗಾಳಿ ಕೊಟ್ಟು ಸಾಕ್ತಾರೆ. ಗ್ಲೂಕೋಸ್ ಒಮ್ಮೆಲೇ ಸುರಿದರೆ ಗಬಗಬ ತಿನ್ನುತ್ತೆ. ತಿಂದದ್ದನ್ನೆಲ್ಲ ಪೂರ್ತಿ ಸುಡೋಕೆ ಅದಕ್ಕಾಗಲ್ಲ, ಗಾಳಿ ಸಾಕಷ್ಟಿದ್ದರೂ ಆಗಲ್ಲ. ಹೆಚ್ಚಾದದ್ದನ್ನು ಅಸಿಟೇಟ್ ಮಾಡಿ ಹೊರಗೆ ಚೆಲ್ಲುತ್ತೆ. ವಿನೆಗರ್‌ನಲ್ಲಿರುವ ಹುಳಿಯೇ ಅದು. ಎಂಜೈಮ್ ಆಗಬೇಕಿದ್ದ ಸಕ್ಕರೆ ಹುಳಿ ಆಗುತ್ತೆ, ಹುಳಿ ತಗ್ಗಿಸಲು ಕ್ಷಾರ ಸುರೀತಾರೆ, ಕೊನೆಗೆ ಎಲ್ಲ ಸೇರಿ ಕೊಳಕು ನೀರಾಗಿ ಕಾರ್ಖಾನೆಯ ಹಿಂದಿನ ಪೈಪಿಗೆ ಬರುತ್ತೆ.

ನಮ್ಮ ಜಿಲ್ಲೆಯಲ್ಲಿ ಇದು ಹೊಸ ಕತೆಯಲ್ಲ. ಮಾನ್ವಿ, ಸಿಂಧನೂರು ಕಡೆ ಎರೆಭೂಮಿಗೆ ಕಾಲುವೆ ನೀರು ಕಂಡಾಪಟ್ಟೆ ಬಿಟ್ಟು ಎಷ್ಟೋ ಹೊಲ ಸವಳಾದವು. ಆಮೇಲೆ "ಈ ಭೂಮಿನೇ ಸರಿಯಿಲ್ಲ" ಅಂದೆವು. ಬೈಸಿಕೊಂಡದ್ದು ಭೂಮಿ, ನೀರು ಬಿಟ್ಟವರಲ್ಲ.

ಜೀನ್ ಕೀಳೋದು ಪೂರ್ತಿ ದಂಡ ಅಂತ ನಾನು ಹೇಳಲ್ಲ. ಬ್ಯಾಸಿಲಸ್ ತಾನು ಮಾಡಿದ ಎಂಜೈಮನ್ನು ತನ್ನದೇ ಪ್ರೋಟಿಯೇಸ್‌ಗಳಿಂದ ಕತ್ತರಿಸಿ ಹಾಳು ಮಾಡುತ್ತೆ. ಡಬ್ಲ್ಯುಬಿ800 ಅನ್ನೋ ತಳಿಯಲ್ಲಿ ಅಂಥ ಎಂಟನ್ನು ತೆಗೆದಿದ್ದಾರೆ, ಅದು ಒಳ್ಳೇ ಕೆಲಸ. ಆದರೆ ಹುಳಿಯ ವಿಷಯ ಬೇರೆ. ಲ್ಯಾಬುಗಳ ನೆಚ್ಚಿನ ಇ. ಕೊಲೈಯಲ್ಲಿ ಅಸಿಟೇಟಿನ ಮುಖ್ಯ ದಾರಿಯ ಪಿಟಿಎ ಜೀನ್ ತೆಗೆದರೆ ಪೈರುವೇಟ್, ಲ್ಯಾಕ್ಟೇಟ್ ಹೊರಗೆ ಬರುತ್ತವೆ. ಒಂದು ತೂಬು ಮುಚ್ಚಿದರೆ ನೀರು ಇನ್ನೊಂದು ಕಡೆ ಒಡೆಯುತ್ತೆ, ಅಷ್ಟೇ.

ಮದ್ದು ಹಳೇದು: ಸಕ್ಕರೆಯನ್ನು ತುಸುತುಸುವೇ ಉಣಿಸೋದು. ಬೇಕರಿ ಯೀಸ್ಟ್ ಮಾಡೋರು ನೂರು ವರ್ಷದ ಹಿಂದೆಯೇ ಕಂಡುಕೊಂಡದ್ದು. ಟ್ಯಾಂಕಿನ ಸಕ್ಕರೆ ಮುಗೀತಿದ್ದಂಗೆ ಬ್ಯಾಕ್ಟೀರಿಯಾ ಉಸಿರಾಟ ತಗ್ಗಿ, ನೀರಲ್ಲಿ ಕರಗಿದ ಆಮ್ಲಜನಕ ತಟ್ಟನೆ ಏರುತ್ತೆ. ಮೀಟರಿನಲ್ಲಿ ಅದನ್ನು ನೋಡಿ ಮುಂದಿನ ತುತ್ತು ಕೊಟ್ಟರಾಯ್ತು.

ನೋಡೋದು ಯಾರು? ರಾತ್ರಿ ಪಾಳಿಯ ಬಿಎಸ್ಸಿ ಹುಡುಗ. "ಬ್ಯಾಚ್ ಬೇಗ ಮುಗಿಸು, ಪಂಪ್ ಜೋರು ಮಾಡು" ಅಂತ ಫೋನ್ ಬಂದರೆ ಅವನು ಏನು ಮಾಡಬೇಕು? ಹುಳಿ ಹುಟ್ಟೋದು ಆ ಫೋನಿನಲ್ಲಿ. ಆದರೆ ನಮಗೆ ಬಯೋಟೆಕ್ ಅಂದ್ರೆ ಜೀನು, ಔಷಧಿ, ಷೇರು ಬೆಲೆ. ಬಯೋಕಾನ್ 1978ರಲ್ಲಿ ಬೆಂಗಳೂರಲ್ಲಿ ಶುರುವಾದದ್ದೇ ಪಪ್ಪಾಯಿ ಹಾಲಿನಿಂದ ತೆಗೆದ ಎಂಜೈಮಿನಿಂದ. 2007ರಲ್ಲಿ ಆ ಎಂಜೈಮ್ ವ್ಯಾಪಾರವನ್ನು ಡೆನ್ಮಾರ್ಕಿನ ನೋವೋಜೈಮ್ಸ್‌ಗೆ 11.5 ಕೋಟಿ ಡಾಲರಿಗೆ ಮಾರಿತು. ನಮ್ಮ ಊಟದ ಟೇಬಲ್ಲಿನಲ್ಲಿ ಈ ವಿಷಯ ಎಷ್ಟು ಜನಕ್ಕೆ ಗೊತ್ತಿತ್ತು ಅಂದ್ರೆ, ಇಬ್ಬರಿಗೆ.

ಇನ್ನೊಮ್ಮೆ ಯಾರಾದರೂ "ಜೀನ್ ಕಿತ್ತು ಹಾಕಿ" ಅಂದರೆ, ಪಂಪ್ ಎಷ್ಟು ಜೋರಾಗಿ ಓಡ್ತಿತ್ತು, ಜೋರು ಮಾಡು ಅಂದೋರು ಯಾರು ಅಂತ ಮೊದಲು ಕೇಳ್ತೀನಿ.