ನೆಗೆಟಿವ್‌ಗಳನ್ನು ಎಸೆಯಬೇಡಿ

ಕಳೆದ ತಿಂಗಳು ಬಂಧುವೊಬ್ಬರು ದೂರವಾಣಿಯಲ್ಲಿ ಕೇಳಿದರು: “ಹಳೆಯ ನೆಗೆಟಿವ್‌ಗಳನ್ನೆಲ್ಲ ಸ್ಕ್ಯಾನ್ ಮಾಡಿಸಿಯಾಯಿತು. ಅರ್ಧದಷ್ಟು ಗೀರುಬಿದ್ದಿವೆ. ಇನ್ನು ಎಸೆಯಬಹುದಲ್ಲವೇ?” ಕೂಡದು ಎಂದೆ. ಕಾರಣವನ್ನು ಫೋನಿನಲ್ಲಿ ಸರಿಯಾಗಿ ವಿವರಿಸಲಾಗಲಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಶಾಲೆಯ ಪ್ರಯೋಗಾಲಯದ ಪಕ್ಕದ ಸಾಮಾನು ಕೋಣೆಗೆ ಕಪ್ಪು ಬಟ್ಟೆ ಕಟ್ಟಿ ಡಾರ್ಕ್‌ರೂಮ್ ಮಾಡಿಕೊಂಡಿದ್ದು, ಅದರ ಹೈಪೋ ವಾಸನೆ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಗೀರು ಯಾವ ಬದಿಯಲ್ಲಿದೆ ಎಂದು ಮೊದಲು ನೋಡಿ ಎನ್ನುತ್ತಿದ್ದೆ. ಹೊಳೆಯುವ ಬದಿ ಫಿಲ್ಮಿನ ಆಧಾರಪದರ. ಮಂಕಾದ ಬದಿ ಬೆಳ್ಳಿಯ ಕಣಗಳನ್ನು ಹಿಡಿದಿರುವ ಜೆಲಟಿನ್. ಆಧಾರಪದರದ ಗೀರು ಬೆಳಕನ್ನು ಚದುರಿಸುವುದರಿಂದ ಮುದ್ರಣದಲ್ಲಿ ಬಿಳಿ ಗೆರೆ ಮೂಡುತ್ತದೆ. ಇದಕ್ಕೆ ಮದ್ದು ನಮ್ಮ ಮೂಗಿನ ಪಕ್ಕದಲ್ಲೇ ಇದೆ! ಅಲ್ಲಿನ ಜಿಡ್ಡನ್ನು ಬೆರಳಿನಿಂದ ತೆಳುವಾಗಿ ಸವರಿದರೆ ಗೀರು ತುಂಬಿಕೊಳ್ಳುತ್ತದೆ. ಅದರ ವಕ್ರೀಭವನ ಸೂಚ್ಯಂಕ ಫಿಲ್ಮಿನದಕ್ಕೆ ಸಮೀಪವಾದ್ದರಿಂದ ಬೆಳಕು ನೇರವಾಗಿ ಹಾಯುತ್ತದೆ. ನೀವೆಲ್ಲ ಮುಖ ಸಿಂಡರಿಸಿದ್ದಿರಿ. ಮುದ್ರಿಸಿದ ಮೇಲೆ ಒರೆಸಿಬಿಟ್ಟರೆ ನೆಗೆಟಿವ್ ಮೊದಲಿನಂತೆಯೇ. ಜೆಲಟಿನ್ನೇ ಕಿತ್ತುಹೋಗಿದ್ದರೆ ಗೆರೆ ಕಪ್ಪಾಗಿ ಬರುತ್ತದೆ. ಅಲ್ಲಿ ಬಣ್ಣ ಹಚ್ಚಿ ಬೆಳಕನ್ನು ತಡೆದು, ಮುದ್ರಣದಲ್ಲಿ ಉಳಿಯುವ ಬಿಳಿಯನ್ನು ಸಣ್ಣ ಕುಂಚದಿಂದ ಮುಚ್ಚಬೇಕು.

ಬೂಷ್ಟಿನ ವಿಷಯದಲ್ಲಿ ನಾನೇ ಪಾಠ ಕಲಿತವನು. ಒಂದು ಮಳೆಗಾಲದ ನಂತರ, ಮನೆಯ ಹಳೆಯ ಮದುವೆಯೊಂದರ ನೆಗೆಟಿವ್ ಮೇಲೆ ಬೂಷ್ಟು ಕಂಡು ನೀರಿನಲ್ಲಿ ತೊಳೆದೆ. ಬೂಷ್ಟು ತಿಂದ ಜೆಲಟಿನ್ ನೀರಿನಲ್ಲಿ ಕರಗುತ್ತದೆಂದು ಆಗ ತಿಳಿದಿರಲಿಲ್ಲ. ಅಜ್ಜನ ಮುಖ ಟ್ರೇಯಲ್ಲಿ ಕದಡಿಹೋಯಿತು. ವಿಜ್ಞಾನದ ಮೇಷ್ಟರು ಮಾಡಿದ ಕೆಲಸವಿದು. ಒಣಗಿದ ಮೃದು ಕುಂಚದಿಂದ ಝಾಡಿಸಿ, ನೀರಿಲ್ಲದ ಫಿಲ್ಮ್ ಕ್ಲೀನರ್ ಬಳಸಬೇಕಿತ್ತು.

ಈಗ ಮುಖ್ಯ ವಿಷಯ. ಅಮ್ಮನ ಮದುವೆಗೆ ಮೊದಲಿನ ಒಂದೇ ಭಾವಚಿತ್ರದ ನೆಗೆಟಿವ್ ನಮ್ಮಲ್ಲಿದೆ. ಆಕೆಯ ಕೆನ್ನೆಯಲ್ಲಿ ಸಿಡುಬಿನ ಕಲೆಗಳಿದ್ದವು. ಸ್ಟುಡಿಯೋದವರು ನೆಗೆಟಿವ್ ಮೇಲೆ ಪೆನ್ಸಿಲಿನಿಂದ ಚುಕ್ಕೆಯಿಟ್ಟು ಅವನ್ನು ಅಳಿಸಿದ್ದರು. ಗೋಡೆಯ ಪಟದಲ್ಲಿ ನುಣುಪು ಮುಖ. ನಮ್ಮನ್ನು ಸಾಕಿದ ಮುಖ ಅದಲ್ಲ. ಆಕೆ ತೀರಿಕೊಂಡ ಮೇಲೆ, ಮೂಲೆಯಲ್ಲಿ ಪರೀಕ್ಷಿಸಿ ನೋಡಿ, ಟರ್ಪೆಂಟೈನ್ ಅದ್ದಿದ ಹತ್ತಿಯಿಂದ ಪೆನ್ಸಿಲನ್ನು ಮೆಲ್ಲಗೆ ತೆಗೆದೆ. ಡೆವಲಪರ್ ಟ್ರೇಯಲ್ಲಿ ಅಮ್ಮ ಎದ್ದು ಬಂದಳು, ಕಲೆಗಳ ಸಮೇತ.

ತಂಗಿಗೆ ಸಿಟ್ಟು ಬಂತು. “ಅಳಿಸಿರೆಂದು ಅಮ್ಮನೇ ಕೇಳಿಕೊಂಡಿದ್ದರೆ?” ಎಂದಳು. ಇಂದಿಗೂ ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಆದರೆ ಬೇಕೆಂದರೆ ಮತ್ತೆ ಪೆನ್ಸಿಲ್ ಹಿಡಿಯಬಹುದು. ಆ ಅಜ್ಞಾತ ಕಲಾವಿದನನ್ನು ನಾನು ಗೌರವಿಸುವುದೂ ಇದಕ್ಕಾಗಿಯೇ. ಚಾಕುವಿನಿಂದ ಬೆಳ್ಳಿಯನ್ನೇ ಹೆರೆದು ಸೊಂಟ ಸಣ್ಣ ಮಾಡುವವರೂ ಇದ್ದರು. ಹಾಗೆ ಹೆರೆದ ಬೆಳ್ಳಿ ಮರಳಿ ಬಾರದು. ಸ್ಕ್ಯಾನ್ ಮಾಡಿ ಮೂಲವನ್ನು ಎಸೆಯುವುದು, ನನ್ನ ಮಟ್ಟಿಗೆ, ಅದೇ ಚಾಕು. ಸ್ಕ್ಯಾನ್ ಮಾಡಿದವನು ಯಾವ ಗೀರು, ಯಾವ ಕಲೆ ಬೇಡವೆಂದು ಅಳಿಸಿದನೋ ಮುಂದೆ ಯಾರಿಗೆ ತಿಳಿದೀತು?

ತಂಗಿಯ ಮನೆಯ ಗೋಡೆಯಲ್ಲಿ ಹಳೆಯ ಪಟವಿದೆ, ನನ್ನ ಮೇಜಿನ ಮೇಲೆ ಹೊಸದು. ನೆಗೆಟಿವ್ ಕಾಗದದ ಲಕೋಟೆಯಲ್ಲಿ, ಬೀರುವಿನ ಒಣ ಮೂಲೆಯಲ್ಲಿದೆ. ಬಂಧುಗಳ ಪೆಟ್ಟಿಗೆಯನ್ನೂ ಸದ್ಯಕ್ಕೆ ನಮ್ಮ ಮನೆಗೇ ಕಳುಹಿಸಲು ಹೇಳಿದ್ದೇನೆ.